ಶುಕ್ರವಾರ ಕೇಳಬಾರದ ಚಿನ್ನ

ನನಗೆ ಸಿಟ್ಟು ಮೂಗಿನ ಮೇಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಚಿನ್ನದ ಅಂಗಡಿಯ ಮುಂದೆ ಹಾದುಹೋಗುವಾಗ ಅದು ಇನ್ನೂ ಸ್ವಲ್ಪ ಏರುತ್ತದೆ. ಅದರಲ್ಲಿ ಅರ್ಧ ಪಾಲು ನನ್ನ ಮೇಲಿನದೇ.

ಎಪ್ಪತ್ತರ ದಶಕದ ಕೊನೆ. ನಾನು ನರಸಿಂಹರಾಜಪುರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತ, ಪೇಟೆಯಲ್ಲಿ ಒಂದು ಮಹಡಿಯ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅಪ್ಪ, ಅಮ್ಮ, ತಂಗಿ ಕಮ್ಮರಡಿಯಲ್ಲಿದ್ದರು. ಗದ್ದೆ, ಮನೆ, ಕೊನೆಗೆ ಅಡುಗೆಮನೆಯ ಹಂಡೆಯೂ ಅಪ್ಪನ ಕಡೆಯದು. ಅಮ್ಮನಿಗೆ ಸ್ವಂತದ್ದು ಅಂತ ಇದ್ದದ್ದು ಮದುವೆಯಲ್ಲಿ ತವರಿನವರು ಹಾಕಿದ ನಾಲ್ಕು ಪವನಿನ ಜೋಡಿ ಬಳೆ ಮಾತ್ರ. ಹಾಕಿದ ಮೇಲೆ ಅವು ಅವಳ ಕೈಯಿಂದ ಇಳಿದಿರಲಿಲ್ಲ.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಚಿನ್ನದ ವ್ಯಾಪಾರಿಯಿದ್ದ. ಹೆಸರು ಹೇಳುವುದಿಲ್ಲ, ಬಾಯಿ ಹೊಲಸಾಗುತ್ತದೆ. ಚಿನ್ನದ ಗಟ್ಟಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಸರ್ಕಾರ ಬಿಡದ ಕಾಲ ಅದು. ಆತ ಒಂದು ಉಪಾಯ ಮಾಡಿದ್ದ. ನೀವು ಚಿನ್ನವನ್ನೋ ದುಡ್ಡನ್ನೋ ಕೊಟ್ಟರೆ ಹಸಿರು ಕಾರ್ಡಿನಲ್ಲಿ ಇಷ್ಟು ಗ್ರಾಂ ಎಂದು ಬರೆದು ಸಹಿ ಹಾಕಿ ಕೊಡುತ್ತಿದ್ದ. ಚಿನ್ನ ಅವನ ಕಬ್ಬಿಣದ ಪೆಟ್ಟಿಗೆಯಲ್ಲಿ, ಕಾರ್ಡು ನಿಮ್ಮ ಟ್ರಂಕಿನಲ್ಲಿ. ಬೇಕಾದಾಗ ಕಾರ್ಡು ಕೊಟ್ಟು ಒಡವೆ ಒಯ್ಯಬಹುದು. ಅಲ್ಲದೆ ಪ್ರತಿ ದೀಪಾವಳಿಗೆ ಒಂದಿಷ್ಟು ತೂಕವನ್ನು ತಾನಾಗಿಯೇ ಸೇರಿಸಿ ಬರೆಯುತ್ತಿದ್ದ. ಪೆಟ್ಟಿಗೆಯಲ್ಲಿಟ್ಟ ಚಿನ್ನ ಹೇಗಪ್ಪಾ ಬೆಳೆಯುತ್ತದೆ ಎಂದು ಯಾರೂ ಕೇಳಲಿಲ್ಲ. ಗಣಿತದ ಟೀಚರು ನಾನೂ ಕೇಳಲಿಲ್ಲ.

ನಮ್ಮ ಕಡೆಯವರು ಇದಕ್ಕೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅಡಿಕೆ ಮೂಟೆಯನ್ನು ಮಂಡಿಯಲ್ಲಿ ಬಿಟ್ಟು, ಚೀಟಿ ತಂದು ಗೋಡೆಯ ಮೊಳೆಗೆ ಚುಚ್ಚಿ, ನೆಮ್ಮದಿಯಾಗಿ ಮಲಗುವ ಜನ ನಾವು. ನನ್ನ ಮೂಟೆ ಯಾವುದು ಎಂದು ಯಾರೂ ಹೋಗಿ ಕೇಳುವುದಿಲ್ಲ. ಚಿನ್ನವೂ ಹಾಗೇ ಅಂದುಕೊಂಡೆವು. ಆದರೆ ಮಂಡಿಯ ಬಾಗಿಲಲ್ಲಿ ನಿಂತರೆ ಮೂಟೆಗಳಾದರೂ ಕಣ್ಣಿಗೆ ಬೀಳುತ್ತಿದ್ದವು. ಆ ಕಬ್ಬಿಣದ ಪೆಟ್ಟಿಗೆಯ ಒಳಗನ್ನು ನೋಡಿದವರು ಯಾರೂ ಇರಲಿಲ್ಲ.

ಒಮ್ಮೆ ಅವನ ಅಂಗಡಿಯಲ್ಲಿ ಕೂತಿದ್ದಾಗ ಆತ ಹೇಳಿದ: ಕೈಯಲ್ಲಿರುವ ಬಳೆ ದಿನವೂ ಸವೆಯುತ್ತದೆ, ಕಾರ್ಡಿನಲ್ಲಿರುವುದು ಸವೆಯುವುದಿಲ್ಲ. ಈ ಮಾತು ನನ್ನ ತಲೆಗೆ ಹೊಕ್ಕುಬಿಟ್ಟಿತು. ಅಮ್ಮ ಬೂದಿ, ತೆಂಗಿನ ನಾರು ಹಾಕಿ ಹಂಡೆ ತಿಕ್ಕುವಾಗಲೆಲ್ಲ ಬಳೆಯ ಚಿನ್ನ ತೊಳೆದುಹೋಗುವುದು ನನಗೆ ಕಾಣತೊಡಗಿತು. ರಜೆಗೆ ಹೋದಾಗ ಲೆಕ್ಕ ಮಾಡಿ ತೋರಿಸಿದೆ. ಅಮ್ಮನಿಗೆ ಲೆಕ್ಕ ಅರ್ಥವಾಗಲಿಲ್ಲ, ಆದರೆ ಓದಿದ ಮಗಳ ಮೇಲೆ ನಂಬಿಕೆಯಿತ್ತು.

ಬಳೆ ಸುಲಭಕ್ಕೆ ಬರಲಿಲ್ಲ. ಗೆಣ್ಣಿನ ಹತ್ತಿರ ಸಿಕ್ಕಿಕೊಂಡವು. ತಂಗಿ ಸೋಪು ತಂದಳು, ನಾನು ಎಳೆದೆ. ಚರ್ಮ ತರಚಿತು. ಅಮ್ಮ ಮುಖ ಅತ್ತ ತಿರುಗಿಸಿ ಕೂತಿದ್ದಳು. ಆಮೇಲೆ ಬರಿಗೈ ನೋಡಿಕೊಂಡು, "ಮತ್ತೆ ಬತ್ತದೆ ಅಲ್ದನಾ?" ಎಂದು ಕೇಳಿದಳು. ಬರುತ್ತದೆ, ಇನ್ನೂ ದಪ್ಪವಾಗಿ ಬರುತ್ತದೆ ಎಂದೆ. ಅವಳು ಗಾಜಿನ ಬಳೆ ಹಾಕಿಕೊಂಡಳು. ನಾನು ಕಾರ್ಡು ತಂದು ಟ್ರಂಕಿನಲ್ಲಿಟ್ಟೆ.

ಎರಡು ದೀಪಾವಳಿ ಕಳೆಯಿತು. ಕಾರ್ಡಿನಲ್ಲಿ ತೂಕ ಏರಿತ್ತು.

ನನ್ನ ಕೋಣೆಯ ಕೆಳಗೆ ಒಬ್ಬ ಸಾಬರ ಅಂಗಡಿಯಿತ್ತು. ಶುಂಠಿ, ಮೆಣಸು ಕೊಳ್ಳುವವರು. ಅವರದೂ ಒಂದು ಹಸಿರು ಕಾರ್ಡಿತ್ತು. ಒಂದು ಗುರುವಾರ ಸಂಜೆ ನಾನು ಶಾಲೆಯಿಂದ ಬರುವಾಗ ಅವರು ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದರು. ಶೃಂಗೇರಿಯ ಒಂದು ಮನೆಯವರು ಮಗಳ ಮದುವೆಗೆಂದು ಕಾರ್ಡು ಹಿಡಿದು ಹೋದರೆ, ಮುಂದಿನ ವಾರ ಬನ್ನಿ ಎಂದು ವ್ಯಾಪಾರಿ ಕಳಿಸಿದನಂತೆ. ಬಾಳೆಹೊನ್ನೂರಿನ ಒಬ್ಬರಿಗೂ ಅದೇ ಮಾತಂತೆ. ತಾನು ಬೆಳಗಿನ ಮೊದಲ ಬಸ್ಸಿಗೇ ಕೊಪ್ಪಕ್ಕೆ ಹೋಗುತ್ತೇನೆ, ನೀವೂ ರಜೆ ಹಾಕಿ ಬನ್ನಿ ಎಂದರು.

ನಾಳೆ ಶುಕ್ರವಾರ ಎಂದೆ.

"ಶುಕ್ರವಾರಕ್ಕೂ ಚಿನ್ನಕ್ಕೂ ಎಂತ ಟೀಚರೇ?"

ನಾನು ಅವರಿಗೆ ತಿಳಿಸಿ ಹೇಳಿದೆ. ಮಂಗಳವಾರ, ಶುಕ್ರವಾರ ನಾವು ಮನೆಯ ಚಿನ್ನ ಹೊರಗೆ ಕೊಡುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆ. ಹಾಗಾಗಿ ಇನ್ನೊಬ್ಬರ ಬಾಗಿಲಲ್ಲಿ ನಿಂತು ಆ ದಿನ ಚಿನ್ನ ಕೇಳುವುದೂ ಇಲ್ಲ. ವ್ಯಾಪಾರಿಯೂ ಗೋಡೆಗೆ ಬೋರ್ಡು ಹಾಕಿದ್ದ: ಈ ಎರಡು ದಿನ ಕಾರ್ಡಿನ ಚಿನ್ನ ವಾಪಸು ಕೊಡುವುದಿಲ್ಲ. ನಮಗೆ ಅದು ಸರಿಯಾಗಿಯೇ ಕಂಡಿತ್ತು. ಶುಕ್ರವಾರ ಅವನು ಹೊಸ ಸರ ಮಾರುತ್ತಿದ್ದ, ದುಡ್ಡು ತೆಗೆದುಕೊಳ್ಳುತ್ತಿದ್ದ. ಆಗ ಮಾತ್ರ ಲಕ್ಷ್ಮಿ ಎಲ್ಲಿಗೂ ಹೋಗುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಮರುದಿನ ಬೆಳಗ್ಗೆ ಸಾಬರು ಒಬ್ಬರೇ ಕೊಪ್ಪಕ್ಕೆ ಹೋದರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ವಾಪಸು ಬಂದು, ಊಟಕ್ಕೆ ಬಂದಿದ್ದ ನನಗೆ ಕರವಸ್ತ್ರ ಬಿಚ್ಚಿ ತೋರಿಸಿದರು. ಎರಡು ಸರ, ಒಂದು ಉಂಗುರ. ವ್ಯಾಪಾರಿ ಬೋರ್ಡು ತೋರಿಸಿದನಂತೆ. ಇವರು ಅದು ನಿಮ್ಮ ಪೈಕಿಯವರಿಗೆ, ನನಗಲ್ಲ ಎಂದು ಬೆಂಚಿನ ಮೇಲೆ ಕೂತೇಬಿಟ್ಟರಂತೆ. ಗಿರಾಕಿಗಳ ಎದುರು ಮಾತು ಬೆಳೆಯುವುದು ಬೇಡವೆಂದು ಗಾಜಿನ ಕಪಾಟಿನಿಂದಲೇ ತೆಗೆದು ತೂಗಿ ಕೊಟ್ಟನಂತೆ.

"ಈಗ್ಲಾದ್ರೂ ಹೋಗಿ ಮಾರಾಯ್ರೇ. ಪೆಟ್ಟಿಗೆ ತೆಗೀಲೇ ಇಲ್ಲ ಅವ."

ಆಗಲೂ ಒಂದು ಬಸ್ಸಿತ್ತು. ನಾನು ಹತ್ತಲಿಲ್ಲ. ದೇವರ ಮೇಲಿನ ಭಯವೇನೂ ಅಲ್ಲ, ನನಗೆ ಅಂಥ ಭಕ್ತಿ ಯಾವತ್ತೂ ಇರಲಿಲ್ಲ. ಮರ್ಯಾದೆ. ಹೋದಾಗಲೆಲ್ಲ ಕುರ್ಚಿ ಕೊಟ್ಟು, ಕಾಫಿ ತರಿಸುವ ಮನುಷ್ಯನ ಎದುರು ನಿಂತು, ಶುಕ್ರವಾರವೇ ಕೊಡು ಎಂದು ಕೇಳಿದರೆ ಟೀಚರಿಗೆ ಇಷ್ಟೂ ತಿಳಿಯುವುದಿಲ್ಲವೇ ಅಂದುಕೊಂಡಾನು ಎಂಬ ಹಾಳು ಸಂಕೋಚ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋದರಾಯಿತು ಅಂದುಕೊಂಡೆ.

ಶನಿವಾರ ಕೊಪ್ಪದಲ್ಲಿ ಇಳಿದಾಗ ಅಂಗಡಿಯ ಬಾಗಿಲಿಗೆ ಬೀಗ. ಮುಂದೆ ಜನ. ಎಲ್ಲರ ಕೈಯಲ್ಲೂ ಹಸಿರು ಕಾರ್ಡು. ಒಂದೇ ಪೆಟ್ಟಿಗೆಯನ್ನು ನಂಬಿ ಇಷ್ಟೊಂದು ಜನ ಮಲಗಿದ್ದೆವು ಎಂದು ಅವತ್ತೇ ಗೊತ್ತಾದದ್ದು. ಕಿಗ್ಗದಿಂದ ಬಂದ ಒಬ್ಬ ಹೆಂಗಸು ಬೀಗವನ್ನೇ ಹಿಡಿದು ಕೂತಿದ್ದಳು. ನನಗೆ ಅವಳ ಪಕ್ಕ ಕೂರಲೂ ನಾಚಿಕೆಯಾಯಿತು.

ಆಮೇಲೆ ಪೊಲೀಸರು ಬಂದರು, ಬಾಗಿಲು ತೆಗೆಸಿದರು. ಪೆಟ್ಟಿಗೆಯಲ್ಲಿ ಖಾಲಿ ಡಬ್ಬಿಗಳಿದ್ದವು. ಅವನ ಹತ್ತಿರ ಕೆಲಸಕ್ಕಿದ್ದ ಅಕ್ಕಸಾಲಿಗನೊಬ್ಬ ಸಿಕ್ಕಿದ. ಆ ಜೋಡಿ ಬಳೆ ನೆನಪಿದೆ ಅಂದ. ನಾನು ಕೊಟ್ಟುಹೋದ ಸಂಜೆಯೇ ಅದನ್ನು ಕರಗಿಸಿ ಯಾರದೋ ಸರಕ್ಕೆ ಸೇರಿಸಿದ್ದರಂತೆ. ಎರಡು ವರ್ಷ ನಾನು ಟ್ರಂಕಿನಲ್ಲಿ ಜೋಪಾನ ಮಾಡಿದ್ದು ಬರೀ ರಟ್ಟು.

ಅಮ್ಮನಿಗೆ ಹೇಳಿದಾಗ ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಲೆಯ ಮುಂದೆ ಕೂತು ಬಹಳ ಹೊತ್ತು ಮಣಿಕಟ್ಟು ಸವರಿಕೊಂಡಳು.

ಆರೇಳು ವರ್ಷ ಸಂಬಳದಲ್ಲಿ ಉಳಿಸಿ ಅಷ್ಟೇ ತೂಕದ ಬಳೆ ಮಾಡಿಸಿದೆ. ಬೇರೆ ಅಂಗಡಿಯಲ್ಲಿ, ಎದುರಿಗೇ ತೂಗಿಸಿ, ಸೋಮವಾರ ಕೈಯಲ್ಲೇ ಹಿಡಿದುಕೊಂಡು ಬಂದೆ. ಅಮ್ಮ ಹಾಕಿಕೊಂಡಳು. ಚೆನ್ನಾಗಿದೆ ಅಂದಳು. ನನ್ನ ಪಾಪ ತೊಳೆದುಹೋಯಿತು ಎಂದು ನಾನು ಹಿಗ್ಗಿದೆ.

ಅದೇ ವರ್ಷ ತಂಗಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಳು. ಅಮ್ಮ ಆ ಬಳೆಗಳನ್ನು ತೆಗೆದು, ಅವಳ ಕೈಗೆ ತಾನೇ ತೊಡಿಸಿದಳು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಕೂತಿದ್ದೆ.

"ಕೈಯಲ್ಲೇ ಇರ್ಲಿ ಕೂಸೇ," ಅಂದಳು ಅಮ್ಮ. "ಸವೆದ್ರೆ ಸವೀಲಿ. ಅಕ್ಕ ಕೇಳಿದ್ರೂ ಬಿಚ್ಚಬೇಡ."