ಮೊನೀರೆಯ ಹಳೆಯ ಮೂಗು

ಆ ತಾಯಿ ಮಗಳ ಸುದ್ದಿ ತೂಬಾ ಖಾನಂ ಕಿವಿಗೆ ಮೊದಲು ಬಿದ್ದದ್ದು ರೊಟ್ಟಿ ಅಂಗಡಿಯ ಸಾಲಿನಲ್ಲಿ. ಕಾದ ಹರಳುಕಲ್ಲಿನ ಮೇಲೆ ಸುಟ್ಟ ಬಿಸಿ ರೊಟ್ಟಿಗೆ ಅಂಟಿಬಂದ ಕಲ್ಲನ್ನು ಉಗುರಿನಿಂದ ಕೀಳುತ್ತ ಪಕ್ಕದ ಬೀದಿಯ ಎಫ್ಫತ್ ಹೇಳಿದಳು: "ನಿಮ್ಮ ಮೇಲಿನ ಮನೆಗೆ ಹೊಸಬರು ಬಂದಿದಾರಂತೆ. ಹೆಂಡತಿ ಪರದೆ ಹೊಲೀತಾಳೆ, ಗಂಡ ಟ್ಯಾಕ್ಸಿ ಓಡಿಸ್ತಾನೆ. ತಾಯಿಗೂ ಮಗಳಿಗೂ ಒಂದೇ ಅಚ್ಚಿನ ಮೂಗು ಕಣ್ರೀ! ಮೊದಲು ಮೂಗು ಮೆಟ್ಟಿಲು ಹತ್ತುತ್ತೆ, ಅವರು ಆಮೇಲೆ ಬರ್ತಾರೆ."

ಸಾಲಿಗೆ ಸಾಲೇ ನಕ್ಕಿತು. ತೂಬಾ ಖಾನಂ ಕೂಡ ನಕ್ಕಳು.

ಆಮೇಲೆ ಆ ಮೂಗುಗಳೇ ಅವಳ ಮನೆಯ ಬೆಳಕಾದವು. ತಾಯಿ ಮೊನೀರೆ ಕೆಳಗೆ ಬಂದು, ಚಿಕ್ಕಮ್ಮ ಎನ್ನುವ ಹಾಗೆ ‘ಖಾಲಾ’ ಎಂದು ಕರೆಯುತ್ತ, ಸೊಪ್ಪು ಸೋಸಿಕೊಡುವಳು. ಮಗಳು ಯಲ್ದಾ ಪಾತ್ರೆಯ ತಳ ಹಿಡಿದ ಗರಿಗರಿ ಅನ್ನಕ್ಕೆ ಕಾದು ಕೂರುವಳು. ಆದರೆ ಯಾರಾದರೂ ಫೋಟೋ ತೆಗೆಯಲು ಬಂದರೆ ಸಾಕು, ಮೊನೀರೆಯ ಕೈ ಮೂಗಿನ ಮೇಲೆ ಹೋಗುತ್ತಿತ್ತು.

ತಮ್ಮನ ಮದುವೆಗೆ ಮುಂಚೆ ಅವಳೂ ಡಾಕ್ಟರ ಹತ್ತಿರ ಮೂಗು ಕೊಯ್ಯಿಸಿ ಸಣ್ಣದು ಮಾಡಿಸಿಕೊಂಡಳು. ತೆಹರಾನಿನಲ್ಲಿ ಅದೇನು ಹೊಸತಲ್ಲ. ಮೂಗಿನ ಪಟ್ಟಿಯನ್ನು ಒಡವೆಯ ಹಾಗೆ ಬೀದಿಯಲ್ಲಿ ಮೆರೆಸುವ ಊರು. ಪಟ್ಟಿ ಬಿಚ್ಚಿದ ದಿನ ಕಟ್ಟಡದ ಹೆಂಗಸರೆಲ್ಲ ಸಿಹಿ ಹಿಡಿದು ಹೋದರು. ಮೂಗಿನ ತುದಿಯನ್ನು ಯಾರೋ ಎರಡು ಬೆರಳಲ್ಲಿ ಹಿಂಡಿ ಬಿಡಲು ಮರೆತಂತಿತ್ತು. ಉಸಿರೆಳೆದಾಗ ಎಡ ಹೊಳ್ಳೆ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು.

"ಮುಬಾರಕ್ ಮೊನೀರೆ ಜಾನ್! ಚಂದ್ರನ ತುಂಡಾಗಿದೀಯ," ಎಂದಳು ತೂಬಾ ಖಾನಂ. ಪಟ್ಟಿ ಬಿಚ್ಚಿದವಳ ಮುಂದೆ ಇನ್ನೇನೂ ಹೇಳುವ ಪದ್ಧತಿಯಿಲ್ಲ. ಎಲ್ಲರೂ ಅದನ್ನೇ ಹೇಳಿದರು.

ಹಿರಿಯಳ ಮಾತೆಂದು ಮೊನೀರೆ ನಂಬಿದಳು. ಅಂದು ಸಂಜೆಯೇ ಪರದೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದು ಹಳೆಯ ಮುಖವಿದ್ದ ಫೋಟೋಗಳನ್ನೆಲ್ಲ ಚೂರು ಮಾಡಿದಳು, ಫೋನಿನಲ್ಲಿದ್ದವನ್ನೂ ಅಳಿಸಿದಳು. ಯಲ್ದಾ ಪಕ್ಕದಲ್ಲಿ ನಿಂತು ನೋಡಿದಳು. "ನನ್ನದು ಯಾವಾಗ ಮಾಮಾನ್?" ಎಂದಷ್ಟೇ ಅಮ್ಮನನ್ನು ಕೇಳಿದಳು. ಮರುದಿನದಿಂದ ನಗುವಾಗ ಮಗಳ ಕೈಯೂ ಮೂಗಿನ ಮೇಲೆ ಹೋಗತೊಡಗಿತು.

ಊತ ಇಳಿದರೆ ಸರಿಹೋಗುತ್ತದೆಂದು ಕಾದರು. ವರ್ಷ ತುಂಬಿತು, ಸಿಳ್ಳೆ ನಿಲ್ಲಲಿಲ್ಲ. ಮೊನೀರೆ ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಯಲ್ದಾಳೊಂದಿಗೆ ಕೆಳಗೆ ಬಂದಳು.

"ಖಾಲಾ, ಬೇರೆ ಡಾಕ್ಟರಿಗೆ ತೋರಿಸಿದೆ. ಪಕ್ಕೆಲುಬಿನ ಮೆದುಮೂಳೆ ತೆಗೆದು ಮೂಗಿಗೆ ಆಸರೆ ಕೊಡ್ತಾನಂತೆ. ಮೊದಲು ಹೇಗಿತ್ತು, ಫೋಟೋ ತಾ ಅಂದ. ನಿಮ್ಮ ಹತ್ರ ಏನಾದ್ರೂ ಇದೆಯಾ?"

ತೂಬಾ ಖಾನಂ ನೌರೂಜ್ ಹಬ್ಬದ ಫೋಟೋ ಹುಡುಕಿ ತಂದಳು. ಅದರಲ್ಲೂ ಮೊನೀರೆಯ ಮೂಗಿನ ಮೇಲೆ ಕೈ.

ಸೌತೆಕಾಯಿ ಸಿಪ್ಪೆ ತೆಗೆಯುತ್ತಿದ್ದ ಯಲ್ದಾ ತಲೆ ಎತ್ತದೆ ಹೇಳಿದಳು: "ಫೋಟೋ ಯಾಕೆ? ನನ್ನನ್ನೇ ಕರ್ಕೊಂಡು ಹೋಗು. ನೀನು ತೆಗೆಸಿ ಬಿಸಾಕಿದ್ದು ಇಲ್ಲೇ ಇದೆಯಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೊನೀರೆ ಮುಖ ತಿರುಗಿಸಿಕೊಂಡಳು. ಹುಡುಗಿ ಸಿಪ್ಪೆ ಚೆಲ್ಲಲು ಒಳಗೆ ಹೋದಾಗ ಮೆಲ್ಲಗೆ ಅಂದಳು: "ಮತ್ತೆ ಕೊಯ್ಯಿಸಿಕೊಂಡ್ರೆ ಇವಳು ಏನು ಕಲೀತಾಳೆ? ಬಿಟ್ರೆ ಉಸಿರಾಡೋಕಾಗಲ್ಲ. ನನ್ನ ಮೂಗು ಅಂದ್ಕೊಂಡಿದ್ದೆ ಖಾಲಾ. ಅದು ಇವಳದೂ ಹೌದು ಅಂತ ಹೊಳೀಲೇ ಇಲ್ಲ."

"ಹಳೇದೇ ಚೆನ್ನಾಗಿತ್ತಮ್ಮ. ಆವತ್ತು ಬಾಯ್ತುಂಬ ಸುಳ್ಳು ಹೇಳ್ಬಿಟ್ಟೆ."

"ಆವತ್ತು ನಿಜ ಹೇಳಿದ್ದಿದ್ರೆ ಮತ್ತೆ ನಿಮ್ಮ ಮನೆ ಬಾಗಿಲಿಗೂ ಬರ್ತಿರಲಿಲ್ಲ, ಬಿಡಿ," ಎಂದು ಮೊನೀರೆ ಅಳುವಿನ ನಡುವೆಯೇ ನಕ್ಕಳು. ಎಡ ಹೊಳ್ಳೆ ಸಿಳ್ಳೆ ಹಾಕಿತು.

ಉಸಿರಾಟಕ್ಕೆ ಬೇಕಾದಷ್ಟು ಮಾತ್ರ ಸರಿ ಮಾಡಿಸಿಕೊಂಡು ಬರುವುದೆಂದು ಕೊನೆಗೆ ತೀರ್ಮಾನಿಸಿದಳು. ಕೆಲವೇ ದಿನಗಳಲ್ಲಿ ಅವರು ಆ ಮನೆ ಬಿಟ್ಟು ಕರಜ್ ಊರಿಗೆ ಹೋದರು. ಅದಕ್ಕೂ ಮುಂಚೆ ಡಾಕ್ಟರ ಬಳಿಗೆ ಹೊರಟ ಬೆಳಗ್ಗೆ ಮೊನೀರೆ ಮೆಟ್ಟಿಲ ಮೇಲೆ ನಿಂತು, ಮಗಳು ಇಳಿದು ಬರುವಷ್ಟರಲ್ಲಿ, ಗಡಿಬಿಡಿಯಲ್ಲಿ ಕೇಳಿಕೊಂಡಳು:

"ನೀವೂ ಚಾದರ ಹೊದ್ಕೊಂಡು ಬನ್ನಿ ಖಾಲಾ. ನನ್ನ ವಿಷಯ ಮುಗಿದ ಕೂಡ್ಲೆ ಆ ಡಾಕ್ಟರು ಇವಳ ಕಡೆ ತಿರುಗ್ತಾನೆ, ನೋಡ್ತಿರಿ. ಈ ಹುಡುಗೀದೂ ಮಾಡೋಣ ಅಂತಾನೆ. ಆಗ ನೀವು ಬಾಯಿ ಹಾಕ್ಬೇಕು. ಇದು ಚೆನ್ನಾಗಿದೆ, ಮುಟ್ಟಬೇಡ ಅಂತ ಗಟ್ಟಿಯಾಗಿ ಹೇಳ್ಬೇಕು. ನಾನು ಹೇಳಿದ್ರೆ ಇವಳು ನಂಬಲ್ಲ."