ಬಾಟಲಿಯಲ್ಲಿ ಸಮುದ್ರ

ಟೈಲರಕ್ಕ ದಾರಕ್ಕೆ ಹೆದರಿದ್ದು ಅದೇ ಮೊದಲು. ಮೂವತ್ತು ವರ್ಷ ದಾರದ ಜೊತೆಯಲ್ಲೇ ಬದುಕಿದವಳು. ಕಣ್ಣು ಮುಚ್ಚಿಯೂ ಸೂಜಿಗೆ ಪೋಣಿಸಬಲ್ಲವಳು. ಆದರೆ ಗಾಳದ ಸಾಮಾನಿನ ಅಂಗಡಿಯಲ್ಲಿ, ಗಾಜಿನ ಮೇಜಿನ ಮೇಲೆ ಸಾಲಾಗಿಟ್ಟ ಹೆಣೆದ ದಾರದ ಸುರುಳಿಗಳನ್ನು ಕಂಡಾಗ ಅವಳು ಚಾಚಿದ ಕೈಯನ್ನು ಹಿಂದೆಳೆದುಕೊಂಡಳು.

ಆರು ವಾರಗಳ ಹಿಂದೆ ಇಂಥದೇ ದಾರ ಅವಳ ಗಂಡನ ಕಿರುಬೆರಳನ್ನು ಒಯ್ದಿತ್ತು. ಬಂದರಿನ ಬಾಯಲ್ಲಿ ಪುಟ್ಟ ದೋಣಿ ನಿಲ್ಲಿಸಿ, ಕೋಲಿಲ್ಲದೆ ಬರಿಗೈಯಲ್ಲಿ ಗಾಳ ಬಿಡುವವನು ಅವನು. ಮೀನು ಕಚ್ಚಿದ್ದು ತಿಳಿಯಲೆಂದು ದಾರವನ್ನು ಬೆರಳಿಗೆ ಸುತ್ತಿಕೊಳ್ಳುವುದು ಕೈಗಾಳದವರೆಲ್ಲರ ರೂಢಿ. ಅಂದು ತುದಿಯ ಸೀಸದ ಗುಂಡು ತಳದಲ್ಲಿದ್ದರೂ, ಸಡಿಲಾದ ದಾರ ನೀರಿನ ಮೇಲೆ ತೇಲುತ್ತ ದೂರ ಹರಿದಿತ್ತು. ಜನರನ್ನು ದಾಟಿಸುವ ಲಾಂಚು ಅದರ ಮೇಲೆ ಹಾಯ್ದು, ಪ್ರೊಪೆಲ್ಲರ್ ಅದನ್ನು ಸುತ್ತಿ ಸೆಳೆದುಕೊಂಡಿತ್ತು.

ಗಾಯ ಮಾಗಿದೆ. ನಾಳೆ ಮತ್ತೆ ಹೊರಡುತ್ತಾನೆ. "ಬೆರಳಿಗೆ ಸುತ್ಕೋಬೇಡಿ ಅಂದ್ರೆ ಕೇಳ್ತೀರಾ?" ಎಂದಾಗ, "ಸುತ್ಕೊಳ್ದೆ ಇದ್ರೆ ಮೀನೇನು ಫೋನ್ ಮಾಡಿ ಹೇಳುತ್ತಾ?" ಎಂದು ನಕ್ಕಿದ್ದ. ಅವನ ರೂಢಿ ಬಿಡಿಸಲಾಗದು, ದಾರವನ್ನಾದರೂ ಬದಲಿಸೋಣವೆಂದು ಅವಳೇ ಬಂದಿದ್ದಳು.

"ಮುಳುಗೋ ದಾರ ಬೇಕಣ್ಣ."

"ಇದೇ ತಗೊಳ್ಳಿ ಅಕ್ಕ, ಕಲ್ಲಿನ ಹಾಗೆ ಮುಳುಗುತ್ತೆ." ಅಂಗಡಿಯವನು ಬೆರಳುದ್ದ ಕತ್ತರಿಸಿ, ತಾನು ಕುಡಿಯುವ ನೀರಿನ ಗಾಜಿನ ಲೋಟಕ್ಕೆ ಹಾಕಿದ. ದಾರ ತುಸು ಹೊತ್ತು ಅನುಮಾನಿಸಿ, ಮೆಲ್ಲಗೆ ತಳ ಸೇರಿತು. "ಕಟ್ಟಿ ಕೊಡ್ಲಾ?"

ಅವಳು ಚೀಲದಿಂದ ಬಾಟಲಿ ತೆಗೆದಳು. ಬೆಳಿಗ್ಗೆ ದೋಣಿ ಕಟ್ಟುವ ಧಕ್ಕೆಯ ಮೆಟ್ಟಿಲಿಳಿದು ತುಂಬಿಕೊಂಡ ಸಮುದ್ರದ ನೀರು ಅದು.

"ಅಯ್ಯೋ, ಒಳಗೆ ಮೀನೂ ಇದೆಯಾ ಅಕ್ಕ?"

"ನಮ್ಮೋರು ಗಾಳ ಬಿಡೋದು ನಿಮ್ಮ ಲೋಟದಲ್ಲಲ್ಲ."

ಹೆಣಿಗೆಯಲ್ಲಿ ಗಾಳಿ ಉಳಿಯದಂತೆ ಅವಳು ಇನ್ನೊಂದು ತುಂಡನ್ನು ಒದ್ದೆ ಬೆರಳುಗಳಲ್ಲಿ ಹಿಂಡಿ, ಬಾಟಲಿಯೊಳಗೆ ಬಿಟ್ಟಳು. ಅದು ಉಪ್ಪುನೀರಿನ ಮೇಲೆ ಅಲುಗದೆ ಮಲಗಿತು. ಬಾಟಲಿ ಕುಲುಕಿದಳು. ಮುಳುಗಿದಂತೆ ಮಾಡಿ ಮತ್ತೆ ಮೇಲೆದ್ದಿತು.

ಅಂಗಡಿಯವನ ನಗು ಆರಿತು. "ಇಷ್ಟು ವರ್ಷ ಲೋಟದಲ್ಲೇ ನೋಡಿ ಕೊಟ್ಟಿದ್ದೀನಿ," ಎಂದ. "ಯಜಮಾನ್ರಿಗೂ ನಾನೇ..." ಅವನು ತಟ್ಟನೆ ತಿರುಗಿದ. ಒಳಗೆ ಹೋಗಿ ಇನ್ನಷ್ಟು ಸುರುಳಿಗಳನ್ನು ತಂದು ಸುರಿದ.

ನಾಲ್ಕನೆಯದು, ನಡುವೆ ಭಾರದ ಎಳೆಯಿದ್ದ ಬೂದು ದಾರ, ನೇರವಾಗಿ ತಳಕ್ಕಿಳಿಯಿತು. ಅವಳು ಮೂರು ಸಲ ನೋಡಿದಳು. ಮೂರು ಸಲವೂ ಇಳಿಯಿತು.

ಮರುದಿನ ಬೆಳಿಗ್ಗೆ ಗಂಡ ದೋಣಿಯಲ್ಲಿ ಹೊಸ ದಾರ ಬಿಟ್ಟು ಕೂತಾಗ, ಧಕ್ಕೆಯ ಮೇಲೆ ನಿಂತ ಅವಳಿಗೆ ಬೇರೆಯದೇ ಭಯ ಹೊಕ್ಕಿತು. ಹಿಂದೆಲ್ಲ ಬಿಳಿಯ ದಾರ ನೀರಿನ ಮೇಲೆ ಮಿನುಗಿ, ಎಲ್ಲಿದೆಯೆಂದು ಕಾಣುತ್ತಿತ್ತು. ಈಗ ಏನೂ ಕಾಣದು. ಮುಳುಗಿದೆಯೆಂದು ನಂಬಬೇಕು, ಅಷ್ಟೆ.

ಲಾಂಚು ಕೂಗುತ್ತ ಬಂದು ದೋಣಿಯನ್ನು ಮರೆಮಾಡಿತು. ಅವಳು ಒಂದು ಮೆಟ್ಟಿಲು ಕೆಳಗಿಳಿದಳು. ಲಾಂಚು ಮುಂದೆ ಸರಿದಾಗ ಅವನು ಕೂತಲ್ಲೇ ಇದ್ದ, ಅವಳತ್ತ ಕೈಯೆತ್ತಿದ. ಅಷ್ಟು ದೂರದಿಂದ ಬೆರಳುಗಳನ್ನು ಎಣಿಸಲಾಗಲಿಲ್ಲ. ಆಮೇಲೆ ಅವನು ಬಗ್ಗಿ, ಎರಡೂ ಕೈಗಳಿಂದ ಗಾಳ ಎಳೆಯತೊಡಗಿದ.

ಮುಂದಿನ ಲಾಂಚು ಇನ್ನು ಅರ್ಧ ಗಂಟೆಗೆ. ಅವಳು ಮೆಟ್ಟಿಲ ಮೇಲೆ ಕುಳಿತಳು.