ಮೊದಲ ಟೆಂಪೋದಲ್ಲಿ ಯಾರು?

ಬ್ಯಾಡಗಿಯಲ್ಲಿ ನಮ್ಮ ಅಬ್ಬಾ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದರು. ನಾನು ನರ್ಸಿಂಗ್ ಓದಿ ಸೈನ್ಯದ ಆಸ್ಪತ್ರೆ ಸೇರಿದ್ದನ್ನು ಓಣಿಯವರು ಹೇಗೋ ಒಪ್ಪಿಕೊಂಡಿದ್ದರು. ಕೆಲವು ವರ್ಷ ಕೆಲಸ ಮಾಡಿದ ಮೇಲೆ, ತೊಂಬತ್ತರ ದಶಕದ ಆರಂಭದಲ್ಲಿ, ಹೆಚ್ಚಿನ ತರಬೇತಿಗೆಂದು ಪುಣೆಗೆ ಹೊರಟಾಗ ಮಾತ್ರ ಅದು ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ. "ಸೂಜಿ ಚುಚ್ಚೂದು ಬಂತಲ್ಲವ್ವ, ಮತ್ತೇನ ಕಲೀಲಿಕ್ಕೆ ಹೊಂಟಿ?" ಎಂದು ಪಕ್ಕದ ಮನೆಯ ಅಜ್ಜಿ ಕೇಳಿದ್ದಳು.

ಗಾಯಾಳುಗಳು ಒಟ್ಟಿಗೇ ಬಂದಾಗ ಯಾರನ್ನು ಮೊದಲು ನೋಡಬೇಕೆಂಬುದು ಅಲ್ಲಿನ ಮುಖ್ಯ ಪಾಠಗಳಲ್ಲೊಂದು. ಮೈದಾನದಲ್ಲಿ ಜವಾನರು ಕೆಂಪು ಬಣ್ಣ ಬಳಿದುಕೊಂಡು ಗಾಯಾಳುಗಳಂತೆ ಮಲಗುತ್ತಿದ್ದರು. ನಾವು ಅವರ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತ ಹೋಗಬೇಕು. "ಕಿರುಚುವವನಿಗೆ ಉಸಿರಿದೆ, ಸದ್ದಿಲ್ಲದವನ ಹತ್ತಿರ ಓಡಿ" ಎನ್ನುತ್ತಿದ್ದರು ನಮಗೆ ಕಲಿಸುತ್ತಿದ್ದ ಮೇಜರ್ ಮೇಡಂ. ಉಳಿಯುವ ಭರವಸೆಯೇ ಇಲ್ಲದವನಿಗೆ ಕಪ್ಪು ಪಟ್ಟಿ. ಅವನನ್ನು ದಾಟಿ ಮುಂದೆ ಹೋಗಬೇಕು. ನಾನು ಕಪ್ಪು ಪಟ್ಟಿ ಕಟ್ಟಿದ ಜವಾನನೊಬ್ಬ ಕಣ್ಣು ತೆರೆದು, "ನಾನು ಸತ್ತೆನಾ ಮೇಡಂ?" ಎಂದ. ಎಲ್ಲರೂ ನಕ್ಕೆವು.

ತರಬೇತಿಯ ನಡುವೆ ರಜೆ ಸಿಕ್ಕು ಊರಿಗೆ ಬಂದಾಗ ಮೆಣಸಿನಕಾಯಿ ಸುಗ್ಗಿ. ಒಂದು ಮಧ್ಯಾಹ್ನ ಕದರಮಂಡಲಗಿ ರಸ್ತೆಯಲ್ಲಿ ಕೂಲಿಯವರ ಟ್ರ್ಯಾಕ್ಟರ್ ಪಲ್ಟಿ ಹೊಡೆದಿದೆ ಎಂಬ ಸುದ್ದಿ ಬಂತು. ಅಬ್ಬಾ ತಮ್ಮ ಟೆಂಪೋದಲ್ಲಿದ್ದ ಚೀಲಗಳನ್ನು ಇಳಿಸಿ ನನ್ನನ್ನೂ ಕರೆದುಕೊಂಡು ಹೊರಟರು.

ರಸ್ತೆಯ ಪಕ್ಕದಲ್ಲಿ ಹೆಂಗಸರು ಬಿದ್ದಿದ್ದರು. ಕೈ ಮುರಿದವಳೊಬ್ಬಳು ಬೊಬ್ಬೆ ಹಾಕುತ್ತಿದ್ದಳು. ಆಚೆ ಒಬ್ಬ ಹುಡುಗಿ ತುಟಿ ನೀಲಿಯಾಗಿ, ಸದ್ದಿಲ್ಲದೆ ಉಸಿರಿಗೆ ಒದ್ದಾಡುತ್ತಿದ್ದಳು. ಚಾಲಕನ ತೊಡೆಯಿಂದ ರಕ್ತ ಚಿಮ್ಮುತ್ತಿತ್ತು. ಅದನ್ನು ಅವನ ರುಮಾಲಿನಿಂದಲೇ ಬಿಗಿದೆ. ಅವನನ್ನೂ ಆ ಹುಡುಗಿಯನ್ನೂ ಮಲಗಿಸುವಷ್ಟರಲ್ಲಿ ಟೆಂಪೋ ತುಂಬಿತು. ಆಗ ನನ್ನ ಸೆರಗನ್ನು ಯಾರೋ ಹಿಡಿದರು. ನಮ್ಮ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ವರ್ಷವೂ ಬರುತ್ತಿದ್ದ ಮುದುಕಿಯ ಮಗಳು.

"ನಮ್ಮವ್ವನ್ನೂ ಹಾಕ್ರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ."

ಮುದುಕಿಯ ತಲೆ ಟ್ರೇಲರಿನ ಅಡಿ ಸಿಕ್ಕಿ ಜಜ್ಜಿಹೋಗಿತ್ತು. ಆಗೊಂದು ಈಗೊಂದು ಉಸಿರು. ನಾನು ಕಣ್ಣು ನೋಡಿದೆ, ನಾಡಿ ಹಿಡಿದೆ. ಅಬ್ಬಾ ನನ್ನ ಮುಖವನ್ನೇ ನೋಡುತ್ತಿದ್ದರು. "ಹೋಗಿ, ರಾಣೆಬೆನ್ನೂರಿಗೆ" ಎಂದೆ.

ಟೆಂಪೋ ಹೊರಟಿತು. ಉಳಿದವರ ಗಾಯ ಕಟ್ಟಿ ಮುಗಿಸಿ ಮುದುಕಿಯ ಬಳಿ ಬಂದು ಕೂತೆ. ಮಗಳಿಗೆ, "ಅವ್ವ ಉಳಿಯೂದಿಲ್ಲವ್ವ. ಕಿವ್ಯಾಗ ಮಾತಾಡು, ಕೇಳಸ್ತಿರಬೇಕು" ಎಂದೆ. ಅವಳು ಬಗ್ಗಿ, ಎಮ್ಮೆ ಈದದ್ದು, ಮೊಮ್ಮಗ ಶಾಲೆಗೆ ಹೋಗಲಾರೆನೆಂದು ಅತ್ತದ್ದು, ಏನೇನೋ ಹೇಳುತ್ತ ಹೋದಳು. ಎರಡನೆಯ ಗಾಡಿ ಬರುವ ಮೊದಲೇ ಮುದುಕಿ ಹೋಗಿಬಿಟ್ಟಳು.

ಹುಡುಗಿ ಉಳಿದಳು. ಚಾಲಕನೂ ಉಳಿದ. ಆದರೂ ಪೇಟೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ಬೇರೆ: "ಮಿಲಿಟರಿ ಸೇರಿ ಕರಳು ಕಲ್ಲಾಗೈತಿ ನೋಡ ಆಕಿದು." ಸಂಜೆ ಅಬ್ಬಾ ನನ್ನ ಪಕ್ಕದಲ್ಲಿ ಕೂತು ತಾವೇ ಚಹಾ ಬಸಿದುಕೊಟ್ಟರು.

ರಜೆ ಮುಗಿಯುವ ಮುಂಚೆ ಆ ಮಗಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಅವಳು ಕೇಳಿದಳು, "ಖರೇ ಹೇಳ್ರಿ. ನಿಮ್ಮವ್ವ ಆಗಿದ್ರ ಬಿಟ್ಟು ಕಳಸ್ತಿದ್ರೇನು ಟೆಂಪೋ?"

ಹೌದು ಎನ್ನುವುದು ಪಾಠ. ನಾಲಿಗೆಗೆ ಅದು ಬರಲಿಲ್ಲ. "ಗೊತ್ತಿಲ್ಲವ್ವ" ಎಂದೆ.

ಅವಳು ಪಕ್ಕಕ್ಕೆ ಸರಿದು, "ಒಳಗ ಬರ್ರಿ, ಕುಂದರ್ರಿ" ಎಂದಳು. ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು.

ಪುಣೆಗೆ ಮರಳಿ ಮೇಜರ್ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು, ನೀನು ಮಾಡಿದ್ದು ಸರಿ ಎಂದರು. ಆ ಮಗಳ ಪ್ರಶ್ನೆಗೆ ನಿಮ್ಮ ಉತ್ತರವೇನು ಎಂದು ನಾನು ಕೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡು, ಮುದುಕಿಯ ಪಕ್ಕ ಎಷ್ಟು ಹೊತ್ತು ಕೂತಿದ್ದೆ ಎಂದು ಕೇಳಿದರು. ಮರುದಿನ ಮೈದಾನದಲ್ಲಿ ಕಪ್ಪು ಪಟ್ಟಿಯವನ ಪಕ್ಕ ಕೂರಲು ಮೊದಲ ಬಾರಿಗೆ ಒಬ್ಬ ವಿದ್ಯಾರ್ಥಿನಿಯನ್ನು ನೇಮಿಸಿದರು.